ಅಡುಗೆಯವನ ಕಥೆ ಏನಾಯ್ತು?

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಆಸ್ಟ್ರೇಲಿಯಾದ ಹಡಗು ದುರಂತಗಳ ಸರಣಿಯ ಮೂರೂ ಕಂತುಗಳನ್ನು ಓದಿದೆ. ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. ಮೆಲ್ಬರ್ನಿಗೆ ಬಂದು ಹದಿನಾಲ್ಕು ವರ್ಷ ಆಯಿತು, ಇಲ್ಲಿನ ಕಡಲ ತೀರದ ಕಥೆಗಳನ್ನು ಕನ್ನಡದಲ್ಲಿ ಓದಿದ್ದು ಇದೇ ಮೊದಲು. ಆದರೆ ಎರಡು ತಕರಾರುಗಳಿವೆ. ಒಂದು ಸಣ್ಣದು, ಇನ್ನೊಂದು ಸ್ವಲ್ಪ ದೊಡ್ಡದು.

ಸಣ್ಣದನ್ನು ಮೊದಲು ಹೇಳಿ ಮುಗಿಸುತ್ತೇನೆ. ಎರಡನೇ ಕಂತಿನಲ್ಲಿ ಲಾಕ್ ಆರ್ಡ್ ಹಡಗಿನ ಟಾಮ್ ಪಿಯರ್ಸ್ ಮತ್ತು ಈವಾ ಕಾರ್ಮೈಕಲ್ ಅವರಿಗೆ ನೀವು ಮದುವೆ ಮಾಡಿಸಿಬಿಟ್ಟಿದ್ದೀರಿ. ಅವರು ಮದುವೆ ಆಗಲಿಲ್ಲ ಸ್ವಾಮಿ. 1878ರ ಜೂನ್ 1ರ ಬೆಳಗಿನ ಜಾವ, ಮಂಜು ಮುಸುಕಿ ಕೇಪ್ ಆಟ್ವೇ ಲೈಟ್‌ಹೌಸಿನ ಬೆಳಕು ಕಾಣದೆ, ಮೆಲ್ಬರ್ನಿನ ಬಾಗಿಲಿಗೇ ಬಂದಿದ್ದ ಹಡಗು ಮಟನ್‌ಬರ್ಡ್ ದ್ವೀಪದ ಬಂಡೆಗೆ ಬಡಿಯಿತು. 54 ಜನರಲ್ಲಿ ಉಳಿದದ್ದು ಇವರಿಬ್ಬರೇ. ಟಾಮ್ ಹಡಗಿನ ಕೆಲಸ ಕಲಿಯುತ್ತಿದ್ದ ಹುಡುಗ. ತಾನು ಹೇಗೋ ದಡ ಸೇರಿದ್ದ, ಆದರೂ ಕೂಗು ಕೇಳಿ ಮತ್ತೆ ನೀರಿಗಿಳಿದು ಈವಾಳನ್ನು ಎಳೆದು ತಂದ, ಗುಹೆಯಲ್ಲಿ ಮಲಗಿಸಿ, ಹಡಗಿನಿಂದ ತೇಲಿ ಬಂದಿದ್ದ ಬ್ರಾಂದಿ ಕುಡಿಸಿ, ಆಮೇಲೆ ಗೋಡೆಯ ಹಾಗಿರುವ ಬಂಡೆ ಹತ್ತಿ ಜನರನ್ನು ಹುಡುಕಿಕೊಂಡು ಹೋದ. ಇಬ್ಬರಿಗೂ ಮದುವೆ ಆಗಲಿ ಅಂತ ಊರಿಗೆ ಊರೇ ಆಸೆಪಟ್ಟಿದ್ದು ನಿಜ. ಆದರೆ ಅವಳು ಆ ಹಡಗಿನಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರನ್ನು ಕಳೆದುಕೊಂಡಿದ್ದಳು. ಕೆಲವೇ ತಿಂಗಳಲ್ಲಿ ಐರ್ಲೆಂಡಿಗೆ ವಾಪಸು ಹೋದಳು. ಅವನು ಮತ್ತೆ ಸಮುದ್ರಕ್ಕೇ ಹೋದ. ಅಷ್ಟೇ.

ಆ ಜಾಗಕ್ಕೆ ಈಗ ಲಾಕ್ ಆರ್ಡ್ ಗಾರ್ಜ್ ಅಂತಲೇ ಹೆಸರು. ಊರಿಂದ ಯಾರು ಬಂದರೂ ಗ್ರೇಟ್ ಓಷನ್ ರೋಡ್ ತೋರಿಸಬೇಕಲ್ಲ, ಹಾಗಾಗಿ ನಾನು ಅಲ್ಲಿಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಅಮ್ಮ ಬಂದಾಗಲೂ ಕರೆದುಕೊಂಡು ಹೋಗಿದ್ದೆ. ಗೈಡಿನ ಹಾಗೆ ಕಥೆ ಒಪ್ಪಿಸಿದೆ. ಟಾಮ್, ಈವಾ, ಬ್ರಾಂದಿ, ಎಲ್ಲ. ಕೊನೆಗೆ ಆ ಪಿಂಗಾಣಿ ನವಿಲಿನ ಕಥೆ. ಮೆಲ್ಬರ್ನಿನ 1880ರ ವಸ್ತುಪ್ರದರ್ಶನಕ್ಕೆ ಅಂತ ಇಂಗ್ಲೆಂಡಿನ ಮಿಂಟನ್ ಕಾರ್ಖಾನೆಯಿಂದ ಬರುತ್ತಿದ್ದ, ಮಗುವಿನೆತ್ತರದ ನವಿಲು ಅದು. ಹಡಗು ಪುಡಿಯಾದರೂ ಅದು ಪೆಟ್ಟಿಗೆಯ ಸಮೇತ ತೇಲಿಕೊಂಡು ದಡಕ್ಕೆ ಬಂತು, ಈಗ ವಾರ್ನಂಬೂಲಿನ ಫ್ಲ್ಯಾಗ್‌ಸ್ಟಾಫ್ ಹಿಲ್ ಮ್ಯೂಸಿಯಮ್ಮಿನಲ್ಲಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಷ್ಟು ದೊಡ್ಡ ಹಡಗಲ್ಲಿ ಅಡುಗೆಯವನು ಅಂತ ಒಬ್ಬ ಇರ್ತಾನಲ್ಲೋ, ಅವನ ಕಥೆ ಏನಾಯ್ತು?" ಅಂದರು. ನನಗೆ ಗೊತ್ತಿರಲಿಲ್ಲ. ನವಿಲಿನ ಕಥೆ ಗೊತ್ತಿತ್ತು.

ನನ್ನ ದೊಡ್ಡ ತಕರಾರು ಅದೇ. ನಿಮ್ಮ ಮೂರು ಕಂತುಗಳಲ್ಲಿ ಕ್ಯಾಪ್ಟನ್ನುಗಳಿದ್ದಾರೆ, ವ್ಯಾಪಾರಿಗಳಿದ್ದಾರೆ, ಹದಿನಾರು ಹದಿನೆಂಟರ ಹುಡುಗಿಯರಿದ್ದಾರೆ. ಪಂಪು ಒತ್ತಿದವರು, ಹಾಯಿ ಹತ್ತಿದವರು, ದಡದಲ್ಲಿ ನಿಂತು ಕೈಹಿಡಿದು ಎಳೆದುಕೊಂಡವರು ಇಲ್ಲ. ತಪ್ಪು ನಿಮ್ಮ ಲೇಖಕರದ್ದೇ ಅಂತ ಹೇಳುತ್ತಿಲ್ಲ, ಇಲ್ಲಿ ಈ ಕಥೆಗಳನ್ನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇ ಹೀಗೆ. ಆದರೆ ಕನ್ನಡದಲ್ಲಿ ಹೊಸದಾಗಿ ಹೇಳುವಾಗ ಅದನ್ನೇ ಯಾಕೆ ಹೊತ್ತು ತರಬೇಕು?

ಮೂರನೇ ಕಂತಿನ ಜಾರ್ಜೆಟ್ ಹಡಗನ್ನೇ ತಗೊಳ್ಳಿ (ಸೀರೆಯಲ್ಲ, ಉಗಿ ಹಡಗು). 1876ರ ಡಿಸೆಂಬರಿನಲ್ಲಿ ಅದು ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್ ಹತ್ತಿರ ದಡಕ್ಕೆ ನುಗ್ಗಿ ನಿಂತಾಗ 16 ವರ್ಷದ ಗ್ರೇಸ್ ಬುಸೆಲ್ ಕುದುರೆಯನ್ನು ಅಲೆಗಳೊಳಗೆ ಇಳಿಸಿ ಜನರನ್ನು ಉಳಿಸಿದಳು ಅಂತ ಬರೆದಿದ್ದೀರಿ. ಸರಿಯೇ. ಆದರೆ ಹಡಗನ್ನು ಮೊದಲು ಕಂಡವನು ಸ್ಯಾಮ್ ಐಸಾಕ್ಸ್, ಬುಸೆಲ್ ಮನೆಯ ದನ ಮೇಯಿಸುತ್ತಿದ್ದ ಮೂಲನಿವಾಸಿ ಸವಾರ. ಕುದುರೆ ಓಡಿಸಿಕೊಂಡು ಹೋಗಿ ಮನೆಗೆ ಸುದ್ದಿ ಮುಟ್ಟಿಸಿದವನೂ ಅವನೇ. ಆಮೇಲೆ ಅವಳ ಜೊತೆಯಲ್ಲೇ ತಾನೂ ಅಲೆಗಳಿಗೆ ಕುದುರೆ ಇಳಿಸಿದ. ಒಂದು ಸಲವಲ್ಲ, ಗಂಟೆಗಟ್ಟಲೆ, ಮತ್ತೆ ಮತ್ತೆ. ಜೀವ ಉಳಿಸಿದವರನ್ನು ಗೌರವಿಸುವ ರಾಯಲ್ ಹ್ಯೂಮೇನ್ ಸೊಸೈಟಿ ಅವಳಿಗೆ ಬೆಳ್ಳಿ ಪದಕ ಕೊಟ್ಟಿತು, ಅವನಿಗೆ ಕಂಚಿನದು. ಅವಳ ಹೆಸರಲ್ಲಿ ಆ ಕಡೆ ಗ್ರೇಸ್‌ಟೌನ್ ಅಂತ ಊರೇ ಇದೆ. ಅವನ ಹೆಸರಲ್ಲಿರುವುದು ಆ ಬೀಚಿನ ಎದುರು ನೀರಲ್ಲಿ ನಿಂತಿರುವ ಒಂದು ಬಂಡೆ. ನಿಮ್ಮ ಕಂತಿನಲ್ಲಿ ಆ ಬಂಡೆಯಷ್ಟು ಜಾಗವೂ ಅವನಿಗೆ ಸಿಗಲಿಲ್ಲ, "ಒಬ್ಬ ಸೇವಕ" ಅಂತ ಎರಡು ಪದದಲ್ಲಿ ಮುಗಿಸಿದ್ದೀರಿ.

ಬಟಾವಿಯಾ ಹಡಗಿನ ಕಥೆಯಲ್ಲೂ ಹಾಗೇ. 1629ರ ಜೂನ್ 4, ಡಚ್ ಈಸ್ಟ್ ಇಂಡಿಯಾ ಕಂಪನಿಯ ಹೊಚ್ಚ ಹೊಸ ಹಡಗು, ಮುನ್ನೂರಕ್ಕೂ ಹೆಚ್ಚು ಜನ. ರಾತ್ರಿ ಮುಂದೆ ಬೆಳ್ಳಗೆ ಕಾಣುತ್ತಿದ್ದದ್ದು ನೊರೆಯಲ್ಲ, ಬೆಳದಿಂಗಳು ಅಂದುಕೊಂಡು ಸೀದಾ ಹೋಗಿ ಅಬ್ರೋಲೋಸ್ ದ್ವೀಪಗಳ ಹವಳ ದಿಬ್ಬಕ್ಕೆ ಗುದ್ದಿದರು. ಮುಖ್ಯಾಧಿಕಾರಿ ಪೆಲ್ಸಾರ್ಟ್ ನೀರು ಹುಡುಕುತ್ತೇನೆ ಅಂತ ದೋಣಿಯಲ್ಲಿ ಹೊರಟವನು, ನೀರು ಸಿಗದೆ ಜಾವಾದ ತನಕ ಹೋಗಿಬಿಟ್ಟ. ಇತ್ತ ಕಾರ್ನೆಲಿಸ್ ಎಂಬ ಕಿರಿಯ ವ್ಯಾಪಾರಿ ದ್ವೀಪದ ರಾಜನಂತಾಗಿ, ತಿನ್ನುವ ಬಾಯಿ ಕಮ್ಮಿ ಮಾಡುವ ನೆಪದಲ್ಲಿ ಕೊಲ್ಲಿಸಲು ಶುರು ಮಾಡಿದ. ಹೆಂಗಸರು, ಮಕ್ಕಳು, ಕಾಯಿಲೆಯವರು ಅಂತ ನೋಡಲಿಲ್ಲ. ಹಡಗು ಒಡೆದಾಗ ಸಮುದ್ರ ತಗೊಂಡದ್ದು ಸುಮಾರು 40 ಜನರನ್ನು, ಮನುಷ್ಯರು ತಗೊಂಡದ್ದು ನೂರಕ್ಕೂ ಹೆಚ್ಚು. ಕುಡಿಯೋಕೆ ನೀರಿಲ್ಲದ ದಿಬ್ಬದ ಮೇಲೆ ಕಾರ್ನೆಲಿಸ್ ಮತ್ತು ಅವನ ಪಟಾಲಂ ಹಡಗಿನ ಮಾಲಿನಿಂದ ಬಟ್ಟೆ ತೆಗೆದು, ಬಂಗಾರದ ಜರಿ ಹಚ್ಚಿಸಿಕೊಂಡು ಮೆರೆಯುತ್ತಿದ್ದರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದಕ್ಕೆ ಇದಕ್ಕಿಂತ ಭಯಂಕರ ಉದಾಹರಣೆ ನಾನು ಕೇಳಿಲ್ಲ.

ಇಷ್ಟನ್ನೂ ಚೆನ್ನಾಗಿ ಬರೆದಿದ್ದೀರಿ. ಬಿಟ್ಟಿದ್ದು ವೀಬೆ ಹೇಯ್ಸ್‌ನನ್ನು. ಅವನೊಬ್ಬ ಸಾಮಾನ್ಯ ಸೈನಿಕ. ನೀರು ಹುಡುಕಿ ಅಂತ ಅವನನ್ನೂ ಕೆಲವರನ್ನೂ ಆಯುಧ ಕಸಿದುಕೊಂಡು ಇನ್ನೊಂದು ದ್ವೀಪಕ್ಕೆ ಸಾಗಹಾಕಿದ್ದರು, ಅಲ್ಲೇ ಬಾಯಾರಿ ಸಾಯಲಿ ಅಂತ. ಅವರಿಗೆ ನೀರು ಸಿಕ್ಕಿತು. ತಿನ್ನಲು ವಾಲಬಿಗಳೂ (ಕಾಂಗರೂವಿನ ಸಣ್ಣ ಜಾತಿ) ಸಿಕ್ಕವು. ಹೊಗೆ ಎಬ್ಬಿಸಿ ನೀರು ಸಿಕ್ಕಿತೆಂದು ಸುದ್ದಿ ಕೊಟ್ಟರೆ ಯಾರೂ ಬರಲಿಲ್ಲ. ಬಂದವರು ಕೊಲೆಯಿಂದ ತಪ್ಪಿಸಿಕೊಂಡು ಬಂದವರು. ಸಂಗತಿ ತಿಳಿದ ಮೇಲೆ ಹೇಯ್ಸ್ ಸುಣ್ಣಕಲ್ಲಿನ ಚಪ್ಪಡಿ ಪೇರಿಸಿ ಗೋಡೆ ಕಟ್ಟಿದ, ಕೈಗೆ ಸಿಕ್ಕಿದ ಮರ, ಮೊಳೆಗಳಿಂದ ಆಯುಧ ಮಾಡಿದ, ಬಂದವರನ್ನೆಲ್ಲ ಹೊಡೆದಟ್ಟಿದ. ಪೆಲ್ಸಾರ್ಟ್ ಸಾರ್ಡಮ್ ಎಂಬ ಹಡಗಿನಲ್ಲಿ ವಾಪಸು ಬಂದಾಗ ದಂಗೆಕೋರರಿಗಿಂತ ಮೊದಲು ದೋಣಿ ಹುಟ್ಟು ಹಾಕಿಕೊಂಡು ಹೋಗಿ ಎಚ್ಚರಿಸಿದವನೂ ಅವನೇ. ಆ ಕಲ್ಲಿನ ಗೋಡೆಗಳು ಈಗಲೂ ವೆಸ್ಟ್ ವಾಲಬಿ ದ್ವೀಪದಲ್ಲಿವೆ. ಯುರೋಪಿನವರು ಆಸ್ಟ್ರೇಲಿಯಾದಲ್ಲಿ ಕಟ್ಟಿದ, ಇನ್ನೂ ನಿಂತಿರುವ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಗವರ್ನರ್ ಕಟ್ಟಿಸಿದ್ದಲ್ಲ, ಸಾಯಲಿ ಅಂತ ಬಿಟ್ಟು ಹೋದ ಸಿಪಾಯಿಗಳು ಕಟ್ಟಿದ್ದು.

ಇನ್ನು ನಾನು ಈ ಪತ್ರ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ಸಿಡ್ನಿ ಕೋವ್. ಈ ಹಡಗು ನಿಮ್ಮ ಸರಣಿಯಲ್ಲಿ ಇಲ್ಲವೇ ಇಲ್ಲ. ಭಾರತದ ಓದುಗರಿಗೆ ಆಸ್ಟ್ರೇಲಿಯಾದ ಒಂದೇ ಒಂದು ಹಡಗಿನ ಕಥೆ ಹೇಳುವುದಾದರೆ ಅದನ್ನೇ ಹೇಳಬೇಕಿತ್ತು ಅಲ್ವಾ?

ಹೆಸರು ಸಿಡ್ನಿಯದ್ದಾದರೂ ಅದು ಹೊರಟದ್ದು ಕಲ್ಕತ್ತದಿಂದ. 1796ರ ನವೆಂಬರ್. ಕ್ಯಾಂಪ್‌ಬೆಲ್ ಅಂಡ್ ಕ್ಲಾರ್ಕ್ ಎಂಬ ಕಲ್ಕತ್ತದ ವ್ಯಾಪಾರಿಗಳು ಹೊಸ ವಸಾಹತಿನಲ್ಲಿ ಮಾರಿ ದುಡ್ಡು ಮಾಡೋಣ ಅಂತ ಅಕ್ಕಿ, ಸಕ್ಕರೆ, ಬಟ್ಟೆ, ಪಿಂಗಾಣಿ, ಎಲ್ಲಕ್ಕಿಂತ ಮುಖ್ಯವಾಗಿ ಏಳು ಸಾವಿರ ಗ್ಯಾಲನ್ ಆಸುಪಾಸಿನ ಮದ್ಯ ತುಂಬಿ ಕಳಿಸಿದ್ದರು. ಕ್ಯಾಪ್ಟನ್ ಹ್ಯಾಮಿಲ್ಟನ್ ಮತ್ತು ಬೆರಳೆಣಿಕೆಯ ಯುರೋಪಿಯನ್ನರನ್ನು ಬಿಟ್ಟರೆ ಹಡಗು ನಡೆಸುತ್ತಿದ್ದವರು ಲಸ್ಕರ್‌ಗಳು, ಅಂದರೆ ನಾವು ಖಲಾಸಿಗಳು ಅಂತೀವಲ್ಲ ಅವರು. ಬಂಗಾಳದ ಬೆಚ್ಚಗಿನ ನೀರಿನಿಂದ ಹೊರಟವರು ದಕ್ಷಿಣ ಸಮುದ್ರದ ಕೊರೆಯುವ ಗಾಳಿಗೆ ಸಿಕ್ಕರು. ಹಡಗಿಗೆ ಬಿರುಕು ಬಿಟ್ಟು ನೀರು ಒಳಗೆ ಬರತೊಡಗಿತು. ಹಗಲು ರಾತ್ರಿ ಪಂಪು ಒತ್ತುವುದೇ ಕೆಲಸ. ಚಳಿಗೂ ಸುಸ್ತಿಗೂ ಕೆಲವು ಖಲಾಸಿಗಳು ಅಲ್ಲೇ ಸತ್ತರು.

1797ರ ಫೆಬ್ರವರಿಯಲ್ಲಿ, ಇನ್ನು ಮುಳುಗುತ್ತದೆ ಅನ್ನುವಾಗ, ಕ್ಯಾಪ್ಟನ್ ಟಾಸ್ಮೇನಿಯಾದ ಈಶಾನ್ಯಕ್ಕಿರುವ ಒಂದು ಪುಟ್ಟ ದ್ವೀಪದ ಪಕ್ಕ ಹಡಗನ್ನು ನೆಲಕ್ಕೆ ಹತ್ತಿಸಿದ. ಜೀವ ಉಳಿಸಿದ್ದಕ್ಕೆ ಅದಕ್ಕೆ ಪ್ರಿಸರ್ವೇಶನ್ ದ್ವೀಪ ಅಂತ ಹೆಸರು ಬಂತು. ಪಕ್ಕದಲ್ಲಿ ಇನ್ನೊಂದು ಚೂರು ದ್ವೀಪವಿದೆ, ರಮ್ ದ್ವೀಪ ಅಂತ. ಪೀಪಾಯಿಗಳು ಜೊತೆಯಲ್ಲಿದ್ದರೆ ಗಂಡಸರ ಗತಿ ಏನಾಗುತ್ತೆ ಅಂತ ಕ್ಯಾಪ್ಟನ್ನಿಗೆ ಗೊತ್ತಿತ್ತು, ಮಾಲನ್ನು ಅಲ್ಲಿಗೆ ಸಾಗಿಸಿಬಿಟ್ಟ.

ಅಲ್ಲಿಂದ ಸಹಾಯ ಕೇಳಲು 17 ಜನ ಹಡಗಿನ ದೋಣಿಯಲ್ಲಿ ಸಿಡ್ನಿಗೆ ಹೊರಟರು. ಐದು ಜನ ಯುರೋಪಿಯನ್ನರು, ಹನ್ನೆರಡು ಖಲಾಸಿಗಳು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಆ ದೋಣಿಯೂ ಬಿರುಗಾಳಿಗೆ ಸಿಕ್ಕಿ ಈಗಿನ ವಿಕ್ಟೋರಿಯಾದ ನೈಂಟಿ ಮೈಲ್ ಬೀಚಿನಲ್ಲಿ ಒಡೆದು ಹೋಯಿತು. ಸಿಡ್ನಿ ಅಲ್ಲಿಂದ ಏಳು ನೂರು ಕಿಲೋಮೀಟರು. ನಕ್ಷೆ ಇಲ್ಲ, ದಾರಿ ಇಲ್ಲ, ಯುರೋಪಿನವರು ಯಾರೂ ಆ ನೆಲದ ಮೇಲೆ ನಡೆದಿರಲಿಲ್ಲ. ಇವರು ನಡೆದರು. ಮಾರ್ಚ್ ಮಧ್ಯದಲ್ಲಿ ಹೊರಟವರು ಮೇ ಮಧ್ಯದವರೆಗೆ, ಎರಡು ತಿಂಗಳು, ಸಮುದ್ರದ ಅಂಚು ಹಿಡಿದು. ಹೊಳೆ ಅಡ್ಡ ಬಂದರೆ ತೆಪ್ಪ ಕಟ್ಟಬೇಕು. ಎಷ್ಟೋ ಕಡೆ ಅದೂ ಬೇಕಾಗಲಿಲ್ಲ, ಅಲ್ಲಿನ ಮೂಲನಿವಾಸಿಗಳೇ ತಮ್ಮ ತೊಗಟೆ ದೋಣಿಗಳಲ್ಲಿ ದಾಟಿಸಿದರು, ಮೀನು ಕೊಟ್ಟರು. ಜಗಳವಾಗಿ ಭರ್ಜಿ ಏಟು ತಿಂದದ್ದೂ ಇದೆ. ವ್ಯಾಪಾರಿ ಕಡೆಯ ವಿಲಿಯಂ ಕ್ಲಾರ್ಕ್ ಇದನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡ. ಆಮೇಲೆ ಅದು ಕಲ್ಕತ್ತದ ಏಷಿಯಾಟಿಕ್ ಮಿರರ್ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದರೆ ಆಸ್ಟ್ರೇಲಿಯಾದ ಈ ಕಥೆ ಮೊದಲು ಅಚ್ಚಾದದ್ದೇ ನಮ್ಮ ದೇಶದ ಪತ್ರಿಕೆಯಲ್ಲಿ ಅನ್ನಬಹುದು. ನೀವು ಬಿಟ್ಟಿದ್ದು ಅದನ್ನು!

ನಡೆಯುತ್ತ ನಡೆಯುತ್ತ ಒಬ್ಬೊಬ್ಬರೇ ಹಿಂದೆ ಉಳಿದರು. ಸಿಡ್ನಿಯ ದಕ್ಷಿಣಕ್ಕೆ ವಾಟಮೋಲಾ ಹತ್ತಿರ ಮೀನಿನ ದೋಣಿಯೊಂದು ಇವರನ್ನು ಕಂಡಾಗ 17ರಲ್ಲಿ ಮೂರೇ ಜನ. ಕ್ಲಾರ್ಕ್, ಜಾನ್ ಬೆನೆಟ್ ಎಂಬ ನಾವಿಕ, ಮತ್ತು ಕ್ಲಾರ್ಕನ ಆಳಾಗಿದ್ದ ಒಬ್ಬ ಖಲಾಸಿ.

ಈ ಮೂರನೆಯವನ ಬಗ್ಗೆ ನಾನು ಎಷ್ಟು ಓದಿದರೂ "ಕ್ಲಾರ್ಕನ ಆಳು" ಅಂತಲೇ ಸಿಗುತ್ತದೆ. ಹೆಸರಿಲ್ಲ. ಕ್ಲಾರ್ಕ್ ನಡೆದಷ್ಟನ್ನೂ ಅವನೂ ನಡೆದಿದ್ದಾನೆ, ಪ್ರಾಯಶಃ ಯಜಮಾನನ ಗಂಟು ಹೊತ್ತುಕೊಂಡು. ದಾರಿಯಲ್ಲಿ ಕ್ಲಾರ್ಕ್ ಕಲ್ಲಿದ್ದಲು ಕಂಡದ್ದು ಚರಿತ್ರೆಯಾಯಿತು, ಆ ಜಾಗಕ್ಕೆ ಈಗ ಕೋಲ್‌ಕ್ಲಿಫ್ ಅಂತ ಹೆಸರು. ಅದನ್ನು ಕಂಡ ಕಣ್ಣುಗಳು ಎರಡೇ ಆಗಿರಲಿಲ್ಲ ತಾನೇ?

ಕಥೆ ಅಲ್ಲಿಗೂ ಮುಗಿಯಲಿಲ್ಲ. ಗವರ್ನರ್ ಹಂಟರ್ ದ್ವೀಪದಲ್ಲಿ ಉಳಿದವರನ್ನು ಕರೆತರಲು ಫ್ರಾನ್ಸಿಸ್, ಎಲೈಜಾ ಅಂತ ಎರಡು ಚಿಕ್ಕ ಹಡಗು ಕಳಿಸಿದ. ವಾಪಸು ಬರುವಾಗ ಎಲೈಜಾ ಕಾಣೆಯಾಯಿತು, ಅದರಲ್ಲಿ ಹತ್ತಿಸಿಕೊಂಡಿದ್ದ ಖಲಾಸಿಗಳ ಸಮೇತ. ತಿಂಗಳುಗಟ್ಟಲೆ ದ್ವೀಪದಲ್ಲಿ ಕಾದು, ಹಡಗು ಬಂತು ಅಂತ ಖುಷಿಪಟ್ಟು ಹತ್ತಿದವರು. ಮುಂದಿನ ವರ್ಷ ಉಳಿದ ಮಾಲು ತರಲು ಹೋದ ಫ್ರಾನ್ಸಿಸ್‌ನಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನೌಕಾಧಿಕಾರಿ ಇದ್ದ. ಅಲ್ಲಿನ ನೀರಿನ ಸೆಳೆತ ನೋಡಿದವರಿಗೆ ಟಾಸ್ಮೇನಿಯಾ ಬೇರೆಯೇ ದ್ವೀಪವಿರಬೇಕು ಎಂಬ ಅನುಮಾನ ಬಲವಾಯಿತು, ಆಮೇಲೆ ನೌಕಾ ವೈದ್ಯ ಜಾರ್ಜ್ ಬ್ಯಾಸ್ ಮತ್ತು ಫ್ಲಿಂಡರ್ಸ್ ಅದನ್ನು ಸುತ್ತು ಹಾಕಿ ಬಂದು ಖಾತ್ರಿ ಮಾಡಿದರು. ಕ್ಯಾಂಪ್‌ಬೆಲ್ ಮನೆತನದ ರಾಬರ್ಟ್ 1798ರಲ್ಲಿ ಸಿಡ್ನಿಗೇ ಬಂದ, ಹಾರ್ಬರ್ ಬ್ರಿಜ್ ಹತ್ತಿರ ಪ್ರವಾಸಿಗರು ಕಾಫಿ ಕುಡಿಯುವ ಕ್ಯಾಂಪ್‌ಬೆಲ್ಸ್ ಕೋವ್ ಅವನ ಹೆಸರಿನದ್ದೇ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಸಿಡ್ನಿ ಕೋವ್‌ನ ಅವಶೇಷ 1977ರಲ್ಲಿ ಸಿಕ್ಕಿತು. ಒಳಗಿದ್ದ ಬಾಟಲಿಗಳನ್ನು ಲಾನ್ಸೆಸ್ಟನ್ನಿನ ಮ್ಯೂಸಿಯಮ್ಮಿಗೆ ತಂದರು. ಎಷ್ಟೋ ವರ್ಷಗಳ ನಂತರ ಅದರಲ್ಲಿದ್ದ ಬಿಯರಿನಿಂದ ಜೀವಂತ ಯೀಸ್ಟ್ ತೆಗೆದು, ಬೆಳೆಸಿ, ಹೊಸ ಬಿಯರ್ ಮಾಡಿ ಮಾರುಕಟ್ಟೆಗೂ ಬಿಟ್ಟರು. ಇನ್ನೂರು ವರ್ಷ ನೀರಡಿ ಬದುಕಿದ ಯೀಸ್ಟ್ ದೊಡ್ಡ ವಿಷಯವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಹಡಗಿನಿಂದ ಬಂದ ಯೀಸ್ಟಿಗೆ ಲೇಬಲ್ ಸಿಕ್ಕಿತು, ಏಳು ನೂರು ಕಿಲೋಮೀಟರು ನಡೆದವನಿಗೆ ಸಿಗಲಿಲ್ಲ.

ಇದು ಒಂದೇ ಹಡಗಿನ ಮಾತಲ್ಲ. 1899ರ ಮಾರ್ಚಿನಲ್ಲಿ ಮಹಿನಾ ಚಂಡಮಾರುತ ಕ್ವೀನ್ಸ್‌ಲ್ಯಾಂಡಿನ ಉತ್ತರದ ಬ್ಯಾಥರ್ಸ್ಟ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಮುತ್ತಿನ ಚಿಪ್ಪಿನ ದೋಣಿಗಳನ್ನು ಒಂದೇ ರಾತ್ರಿಯಲ್ಲಿ ನುಂಗಿತು. ಸತ್ತವರು ಮುನ್ನೂರಕ್ಕೂ ಹೆಚ್ಚು, ಹೆಚ್ಚಿನವರು ಏಷ್ಯಾದವರು, ಟಾರಸ್ ಜಲಸಂಧಿಯ ಮತ್ತು ಶಾಂತಸಾಗರದ ದ್ವೀಪದವರು. ಕೇಪ್ ಮೆಲ್ವಿಲ್‌ನಲ್ಲಿ ಅವರಿಗೊಂದು ಸ್ಮಾರಕ ಕಲ್ಲು ನಿಲ್ಲಿಸಿದ್ದಾರೆ. ಅದರಲ್ಲಿ ಬಿಳಿಯರ ಹೆಸರುಗಳಿವೆ. ಉಳಿದವರೆಲ್ಲ ಸೇರಿ "ಮುನ್ನೂರಕ್ಕೂ ಹೆಚ್ಚು ಕಪ್ಪು ಜನ" ಅನ್ನುವ ಅರ್ಥದ ಒಂದು ಸಾಲು. ಕಲ್ಲು ಕೆತ್ತುವವನಿಗೆ ಜಾಗ ಸಾಲಲಿಲ್ಲ ಅಂತ ಯಾರಾದರೂ ಹೇಳಬಹುದು.

ಕಥೆ ಹೇಳುವವರು ಯಾರು ಅನ್ನೋದರ ಮೇಲೆ ಎಷ್ಟೆಲ್ಲ ನಿಂತಿದೆ ನೋಡಿ. 1836ರಲ್ಲಿ ಸ್ಟರ್ಲಿಂಗ್ ಕ್ಯಾಸಲ್ ಹಡಗು ಒಡೆದು ಕ್ಯಾಪ್ಟನ್ ಫ್ರೇಸರ್ ಮತ್ತು ಹೆಂಡತಿ ಎಲೈಜಾ ಕ್ವೀನ್ಸ್‌ಲ್ಯಾಂಡಿನ ಒಂದು ದೊಡ್ಡ ದ್ವೀಪ ಸೇರಿದರು. ಅವನು ಸತ್ತ, ಅವಳು ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರ ನಡುವೆ ಬದುಕಿ ಉಳಿದಳು. ಇಂಗ್ಲೆಂಡಿಗೆ ಹೋದ ಮೇಲೆ ಉಪ್ಪುಖಾರ ಹಚ್ಚಿ ಹೇಳಿದ್ದೇ ಹೇಳಿದ್ದು, ಆ ಜನರಿಗೆ ನರಭಕ್ಷಕರ ಪಟ್ಟ. ದ್ವೀಪಕ್ಕೆ ಫ್ರೇಸರ್ ಹೆಸರು. ಅದರ ಹಳೆಯ ಹೆಸರು ಕಗಾರಿ ಅಧಿಕೃತವಾಗಿ ವಾಪಸು ಬಂದದ್ದು 2023ರಲ್ಲಿ. ಒಬ್ಬಳ ಬಾಯಿಗೆ ಸುಮಾರು ಇನ್ನೂರು ವರ್ಷದ ಬೆಲೆ ತೆತ್ತರು ಅವರು.

ಸಾಮಾನ್ಯರನ್ನು ಹಿಂಬಾಲಿಸಿದರೆ ಕಥೆ ಸಪ್ಪೆಯಾಗುತ್ತೆ ಅಂತ ನಿಮ್ಮ ಲೇಖಕರಿಗೆ ಅನ್ನಿಸಿದ್ದರೆ ಒಂದೇ ಮಾತು. ಮೊದಲ ಕಂತಿನಲ್ಲಿ ಡನ್‌ಬಾರ್ ಹಡಗು 1857ರ ಆಗಸ್ಟಿನಲ್ಲಿ ಸಿಡ್ನಿ ಬಂದರಿನ ಬಾಯಲ್ಲೇ ಬಂಡೆಗೆ ಬಡಿದದ್ದನ್ನು, 121 ಜನ ಸತ್ತದ್ದನ್ನು, ಜೇಮ್ಸ್ ಜಾನ್ಸನ್ ಎಂಬ ನಾವಿಕನೊಬ್ಬನೇ ಬಂಡೆಯ ಅಂಚಿನಲ್ಲಿ ಒಂದೂವರೆ ದಿನ ಅಂಟಿಕೊಂಡು ಉಳಿದದ್ದನ್ನು ಬರೆದು, ಪೂರ್ಣವಿರಾಮ ಹಾಕಿದ್ದೀರಿ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಮರುವರ್ಷ ಅಲ್ಲಿ ಹಾರ್ನ್‌ಬಿ ಲೈಟ್‌ಹೌಸ್ ಕಟ್ಟಿದರು. ಸರಿ, ಜಾನ್ಸನ್ ಏನಾದ? ನ್ಯೂಕಾಸಲ್ ಲೈಟ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದ. 1866ರ ಜುಲೈನಲ್ಲಿ ಕವಾರಾ ಎಂಬ ಹಡಗು ಅವನ ಕಣ್ಣೆದುರೇ ಮುಳುಗಿತು, ಸುಮಾರು 60 ಜನ ಸತ್ತರು, ಒಬ್ಬನೇ ಉಳಿದ. ಆ ಒಬ್ಬನನ್ನು ನೀರಿನಿಂದ ಎತ್ತಿಕೊಂಡವರಲ್ಲಿ ಜಾನ್ಸನ್ನೂ ಇದ್ದ. ಇದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯ್ತು ಅಂತಿದ್ವಿ.

ಮುಂದಿನ ಭಾನುವಾರ ಕ್ವೆಟ್ಟಾ ಹಡಗಿನ ಕಂತು ಅಂತ ಪುಟದ ಕೆಳಗೆ ಹಾಕಿದ್ದೀರಿ. 1890ರ ಫೆಬ್ರವರಿ 28, ಟಾರಸ್ ಜಲಸಂಧಿ, ನಕ್ಷೆಯಲ್ಲಿಲ್ಲದ ಬಂಡೆ, ಕೆಲವೇ ನಿಮಿಷಗಳಲ್ಲಿ ಮುಳುಗಿದ ಹಡಗು. 292 ಜನರಲ್ಲಿ 134 ಜನ ಸತ್ತರು. ಗಂಟೆಗಟ್ಟಲೆ ನೀರಿನಲ್ಲಿದ್ದು ಬದುಕಿದ ಎಮಿಲಿ ಲೇಸಿ ಎಂಬ ಹುಡುಗಿಯಿಂದಲೇ ನಿಮ್ಮ ಲೇಖಕರು ಶುರು ಮಾಡುತ್ತಾರೆ ಅಂತ ನಾನು ಬೇಕಾದರೆ ಪಂದ್ಯ ಕಟ್ಟುತ್ತೇನೆ. ಮಾಡಲಿ. ಆ ಹಡಗಿನ ಸಿಬ್ಬಂದಿಯಲ್ಲೂ ಹೆಚ್ಚಿನವರು ಖಲಾಸಿಗಳೇ, ನಮ್ಮ ಕಡೆಯವರೇ. ಅವರಿಗೆ ಒಂದು ಪ್ಯಾರಾ ಇಟ್ಟಿರಿ. ಜಾಗ ಸಾಲದಿದ್ದರೆ ನನ್ನ ಈ ಪತ್ರವನ್ನು ಹಾಕಬೇಡಿ, ಆ ಜಾಗ ಅವರಿಗೇ ಕೊಡಿ. ಟಾಮ್ ಮತ್ತು ಈವಾ ಮದುವೆಯ ತಿದ್ದುಪಡಿಯನ್ನು ಮಾತ್ರ ಮರೆಯಬೇಡಿ.

ಇತಿ,
ಮೆಲ್ಬರ್ನಿನಿಂದ ನಿಮ್ಮ ಒಬ್ಬ ಓದುಗ